ಬೀಗ ಹಾಕಿದ ಕನ್ನಡ ಮೆಸೇಜ್ ಮತ್ತೆ ತೆರೆಯುತ್ತಿಲ್ಲ, ಯಾಕೆ?

ಪ್ರಶ್ನೆ: ನಾನು ಬಿಸಿಎ ಮೊದಲ ವರ್ಷದ ವಿದ್ಯಾರ್ಥಿನಿ. ಮೆಸೇಜ್ ಎನ್‌ಕ್ರಿಪ್ಟ್, ಡಿಕ್ರಿಪ್ಟ್ (ಗೂಢಲಿಪಿಯಾಗಿಸಿ ಮತ್ತೆ ಬಿಡಿಸುವುದು) ಮಾಡುವ ಚಿಕ್ಕ ಪ್ರೋಗ್ರಾಮ್ ಪೈಥಾನ್‌ನಲ್ಲಿ ಬರೆದಿದ್ದೇನೆ. ಪ್ರತಿ ಅಕ್ಷರವನ್ನು ಮೂರು ಮನೆ ಮುಂದೆ ತಳ್ಳುತ್ತದೆ. ಇಂಗ್ಲಿಷ್ ಸಣ್ಣಕ್ಷರ ಕೊಟ್ಟರೆ ಸರಿ ಇದೆ. ‘ಕನ್ನಡ’ ಅಂತ ಕೊಟ್ಟರೆ ಮಾತ್ರ ಎಚ್, ಎ, ಎ, ಟಿ ಅಂತ ಇಂಗ್ಲಿಷ್ ಅಕ್ಷರಗಳು, ನಡುವೆ ಒಂದು ಒಂಟಿ ಚಿಹ್ನೆ ಬರುತ್ತದೆ. ಡಿಕ್ರಿಪ್ಟ್ ಮಾಡಿದರೆ ಕನ್ನಡ ವಾಪಸ್ ಬರುವುದೇ ಇಲ್ಲ. ಜೊತೆಗೆ, ಕ್ಲಾಸಿನ ಗೆಳತಿ ಕೀ (ಬೀಗ ತೆರೆಯುವ ಗುಟ್ಟಿನ ಸಂಖ್ಯೆ, ಇಲ್ಲಿ 3) ಕೇಳದೆಯೇ ನನ್ನ ಇಂಗ್ಲಿಷ್ ಮೆಸೇಜ್ ಓದಿಬಿಟ್ಟಳು. ಇದನ್ನು ಸರಿಮಾಡಿ ಅಣ್ಣನಿಗೆ ಬ್ಯಾಂಕ್ ಪಾಸ್‌ವರ್ಡ್ ಕಳಿಸಬಹುದಾ?

ಉತ್ತರ: ಕನ್ನಡ ಕೊಟ್ಟು ನೋಡಿದ್ದೀರಲ್ಲ, ಅದೇ ನನಗೆ ತುಂಬ ಇಷ್ಟವಾಯಿತು. ಇಂಗ್ಲಿಷ್‌ನಲ್ಲಿ ಓಡಿತು ಅಂದರೆ ಮುಗಿಯಿತು ಅಂತ ಜಾಸ್ತಿ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ.

ನೀವು ಬರೆದಿರುವುದು ಸೀಸರ್ ಸೈಫರ್. ರೋಮ್‌ನ ಜೂಲಿಯಸ್ ಸೀಸರ್ ಕೂಡ ಮೂರು ಮನೆಯೇ ತಳ್ಳುತ್ತಿದ್ದ ಎಂದು ಹಳೆಯ ಬರಹಗಳಲ್ಲಿದೆ. ಪ್ರೋಗ್ರಾಮ್ ಏನು ಮಾಡುತ್ತದೆ ಅಂದರೆ, ಅಕ್ಷರದ ನಂಬರಿನಿಂದ 97 (ಇಂಗ್ಲಿಷ್ ಸಣ್ಣಕ್ಷರ ‘ಎ’ಯ ನಂಬರ್) ಕಳೆದು, 3 ಕೂಡಿಸಿ, 26ರಿಂದ ಭಾಗಿಸಿ ಉಳಿದ ಶೇಷಕ್ಕೆ ಮತ್ತೆ 97 ಸೇರಿಸುತ್ತದೆ. ಇಂಗ್ಲಿಷ್‌ಗೆ 26 ಅಕ್ಷರ ಇರುವುದರಿಂದ ಅಲ್ಲಿ ಇದು ಸರಿ. ಆದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ನಂಬರ್ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ‘ಕ’ದ ನಂಬರ್ 3221. ಲೆಕ್ಕ ಹಾಕಿ ನೋಡಿ: 3221ರಲ್ಲಿ 97 ಕಳೆದು 3 ಸೇರಿಸಿದರೆ 3127, ಅದನ್ನು 26ರಿಂದ ಭಾಗಿಸಿದರೆ ಶೇಷ 7. ‘ಎ’ಯನ್ನು 0 ಅಂತ ಎಣಿಸಿದರೆ ಏಳು ಅಂದರೆ ಎಚ್. ಈಗ ಎಚ್ ಅನ್ನು ಮೂರು ಮನೆ ಹಿಂದೆ ತಂದರೆ ‘ಇ’ ಎಂಬ ಇಂಗ್ಲಿಷ್ ಅಕ್ಷರ ಬರುತ್ತದೆ, ‘ಕ’ ಬರುವುದಿಲ್ಲ. ಕನ್ನಡದ ಎಲ್ಲ ಅಕ್ಷರಗಳನ್ನೂ ತಂದು 26 ಮನೆಗಳೊಳಗೆ ತುರುಕಿದ್ದೀರಿ, ಯಾವುದು ಎಲ್ಲಿಂದ ಬಂತು ಅನ್ನುವ ಗುರುತೇ ಉಳಿದಿಲ್ಲ. ಕೀ ಸರಿ ಇದ್ದರೂ ಈ ಬೀಗ ತೆರೆಯುವುದಿಲ್ಲ. ಆ ಒಂಟಿ ಚಿಹ್ನೆ ಯಾವುದು ಗೊತ್ತಾ? ‘ನ್ನ’ ಒತ್ತಕ್ಷರದೊಳಗೆ ಕೂತಿರುವ ಹಲಂತ, ಅಂದರೆ ವ್ಯಂಜನದ ಸ್ವರ ತೆಗೆಯುವ ಚಿಹ್ನೆ. ‘ಕನ್ನಡ’ ಅನ್ನುವುದು ನಮ್ಮ ಕಣ್ಣಿಗೆ ಮೂರು ಅಕ್ಷರ, ಪೈಥಾನ್‌ಗೆ ಐದು: ಕ, ನ, ಹಲಂತ, ನ, ಡ. ಹಲಂತವನ್ನು ಪೈಥಾನ್ ಅಕ್ಷರ ಅಂತ ಒಪ್ಪುವುದಿಲ್ಲ, ಹಾಗಾಗಿ ನಿಮ್ಮ ಪ್ರೋಗ್ರಾಮ್ ಅದನ್ನು ಮುಟ್ಟದೆ ಬಿಟ್ಟಿದೆ.

ಸರಿ, 26 ತೆಗೆದು ಸುಮ್ನೆ ನಂಬರಿಗೆ 3 ಕೂಡಿಸಿದರೆ? ‘ಕ’ ಹೋಗಿ ‘ಘ’ ಆಗುತ್ತದೆ, ‘ಡ’ ಹೋಗಿ ‘ತ’ ಆಗುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಆದರೆ ಹಲಂತ 3277, ಅದು 3280 ಆಗುತ್ತದೆ. ಆ ಜಾಗದಲ್ಲಿ ಯೂನಿಕೋಡ್ ಯಾವ ಅಕ್ಷರವನ್ನೂ ಇಟ್ಟಿಲ್ಲ. ಪರದೆಯ ಮೇಲೆ ಖಾಲಿ ಡಬ್ಬಿ ಬರುತ್ತದೆ.

ಸರಿಯಾದ ದಾರಿ ಅಂದರೆ ಬೈಟ್ ಮಟ್ಟಕ್ಕೆ ಇಳಿಯುವುದು. ಮೆಸೇಜನ್ನು ಮೊದಲು ಯುಟಿಎಫ್-8ಗೆ (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಎನ್‌ಕೋಡ್ ಮಾಡಿ. ಆಗ ಪ್ರತಿ ಕನ್ನಡ ಅಕ್ಷರ ಮೂರು ಬೈಟ್ ಆಗುತ್ತದೆ, ‘ಕನ್ನಡ’ ಒಟ್ಟು 15 ಬೈಟ್. ಪ್ರತಿ ಬೈಟ್ 0ಯಿಂದ 255ರೊಳಗಿನ ಒಂದು ಸಂಖ್ಯೆ. ಅದಕ್ಕೆ ಕೀ ಕೂಡಿಸಿ 256ರಿಂದ ಶೇಷ ತೆಗೆಯಿರಿ, ತೆರೆಯುವಾಗ ಕಳೆದು ಶೇಷ ತೆಗೆಯಿರಿ. ಕನ್ನಡ, ಇಂಗ್ಲಿಷ್, ಎಮೋಜಿ ಯಾವುದು ಕೊಟ್ಟರೂ ಹೋದದ್ದು ಹೋದ ಹಾಗೇ ವಾಪಸ್ ಬರುತ್ತದೆ. ಒಂದೇ ಎಚ್ಚರ: ತಳ್ಳಿದ ಮೇಲೆ ಬಂದ ಬೈಟ್‌ಗಳನ್ನು ಮತ್ತೆ ಅಕ್ಷರ ಮಾಡಲು ಹೋಗಬೇಡಿ. ದೀರ್ಘದ ಚಿಹ್ನೆಯ ಕೊನೆಯ ಬೈಟ್ 190, ಮೂರು ಸೇರಿದರೆ 193. ಯುಟಿಎಫ್-8ರಲ್ಲಿ 193ಕ್ಕೆ ಜಾಗವೇ ಇಲ್ಲ, ಪ್ರೋಗ್ರಾಮ್ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತದೆ. ಆ ಬೈಟ್‌ಗಳನ್ನು ಬೇಸ್64 ಮಾಡಿ, ಅಂದರೆ ಸಾಮಾನ್ಯ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಾಗಿ ಬರೆದು ಕಳಿಸಿ.

ಈಗ ನಿಮ್ಮ ಗೆಳತಿಯ ವಿಷಯ. ಆಕೆ ಕೀ ಯಾಕೆ ಕೇಳಬೇಕು? ನಿಮ್ಮ ಇಂಗ್ಲಿಷ್ ಬೀಗಕ್ಕೆ ಇರುವುದೇ 25 ಕೀಗಳು, ಒಂದೊಂದಾಗಿ ಹಾಕಿ ನೋಡಿದರೆ ಮುಗಿಯಿತು. ಬೈಟ್ ಮಾಡಿದರೆ 255 ಆಗುತ್ತವೆ, ಅದೂ ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಕೀ ಹುಡುಕದೆಯೇ ಒಡೆಯುವ ದಾರಿಯೂ ಇದೆ. 9ನೇ ಶತಮಾನದಲ್ಲಿ ಬಾಗ್ದಾದ್‌ನ ಅಲ್-ಕಿಂದಿ ಅದನ್ನು ಬರೆದಿಟ್ಟ: ಗೂಢಲಿಪಿಯಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಣಿಸಿ, ಆ ಭಾಷೆಯಲ್ಲಿ ಜಾಸ್ತಿ ಬರುವ ಅಕ್ಷರಗಳ ಜೊತೆ ಹೊಂದಿಸಿ ನೋಡುವುದು.

ನಮ್ಮ ಕನ್ನಡದಲ್ಲಂತೂ ಇದು ಇನ್ನೂ ಸುಲಭ, ಇದನ್ನು ನೀವೇ ಪ್ರಿಂಟ್ ಮಾಡಿ ನೋಡಲೇಬೇಕು. ಕನ್ನಡದ ಯಾವ ಅಕ್ಷರವೇ ಇರಲಿ, ಮೊದಲ ಬೈಟ್ 224. ಎರಡನೆಯದು 178 ಅಥವಾ 179. ಅಂದರೆ ಗೂಢ ಮೆಸೇಜಿನಲ್ಲಿ ಮೂರಕ್ಕೊಂದು ಸಲ 227 ಕಂಡರೆ ಕೀ 3 ಅಂತ ತಿಳಿಯಲು ಭಾಷೆಯೂ ಬರಬೇಕಾಗಿಲ್ಲ. ಹಾಗಾದರೆ ಒಂದು ಉದ್ದ ಪದವನ್ನೇ ಕೀ ಮಾಡಿ, ಅದನ್ನು ಮತ್ತೆ ಮತ್ತೆ ಸುತ್ತಿಸಿ ಎಕ್ಸ್‌ಆರ್ (ಒಂದೇ ಕೀಯಿಂದ ಎರಡು ಸಲ ಮಾಡಿದರೆ ಮೂಲವೇ ವಾಪಸ್ ಬರುವ ಬೈಟ್ ಲೆಕ್ಕ) ಮಾಡುತ್ತೇನೆ ಅಂತೀರಾ? ಕಲಿಯಲು ಖಂಡಿತ ಮಾಡಿ, ನನಗೂ ಅದು ಪ್ರೀತಿಯ ಅಭ್ಯಾಸ. ಆದರೆ ಮೂಲದಲ್ಲಿ 224 ಎಲ್ಲೆಲ್ಲಿ ಕೂತಿರುತ್ತದೆ ಅನ್ನುವುದು ಒಡೆಯುವವರಿಗೆ ಮೊದಲೇ ಗೊತ್ತು. ಆ ಜಾಗದ ಗೂಢ ಬೈಟನ್ನು 224ರ ಜೊತೆ ಎಕ್ಸ್‌ಆರ್ ಮಾಡಿದರೆ ನಿಮ್ಮ ಕೀಯ ಒಂದು ಬೈಟ್ ಹಾಗೇ ಕೈಗೆ ಬರುತ್ತದೆ. ಮೆಸೇಜ್ ಉದ್ದ ಇದ್ದಷ್ಟೂ ಕೀಯ ತುಣುಕುಗಳು ಜಾಸ್ತಿ ಸಿಗುತ್ತವೆ.

ಅದಕ್ಕೇ ನಿಜವಾದ ಗುಟ್ಟಿಗೆ ನಾವೇ ಮಾಡಿದ ಬೀಗ ಬೇಡ. ಪೈಥಾನ್‌ನ ‘ಕ್ರಿಪ್ಟೋಗ್ರಫಿ’ ಲೈಬ್ರರಿಯನ್ನು ಪಿಪ್ ಎಂಬ ಪೈಥಾನ್ ಸಾಧನದಿಂದ ಹಾಕಿಕೊಳ್ಳಿ, ಅದರಲ್ಲಿ ‘ಫರ್ನೆಟ್’ ಅಂತ ಒಂದು ಸಿದ್ಧ ಬೀಗ ಇದೆ. ಮೂರೇ ಹೆಜ್ಜೆ: ಕೀ ಹುಟ್ಟಿಸುವುದು, ಬೈಟ್ ಕೊಟ್ಟು ಎನ್‌ಕ್ರಿಪ್ಟ್ ಮಾಡುವುದು, ಅದೇ ಕೀಯಿಂದ ಡಿಕ್ರಿಪ್ಟ್ ಮಾಡುವುದು. ಒಳಗೆ ಕೆಲಸ ಮಾಡುವುದು ಎಇಎಸ್. ಬೆಲ್ಜಿಯಂನ ಯೋನ್ ದಾಮೆನ್ ಮತ್ತು ವಿನ್ಸೆಂಟ್ ರೈಮನ್ ರಚಿಸಿದ, ಅಮೆರಿಕ 2001ರಲ್ಲಿ ಮಾನದಂಡವಾಗಿ ಒಪ್ಪಿಕೊಂಡ ವಿಧಾನ ಅದು. ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಎಲ್ಲರಿಗೂ ಬಯಲು, ಗುಟ್ಟಾಗಿರುವುದು ಕೀ ಮಾತ್ರ. ಒಂದೇ ಮೆಸೇಜನ್ನು ಎರಡು ಸಲ ಎನ್‌ಕ್ರಿಪ್ಟ್ ಮಾಡಿದರೆ ಎರಡು ಸಲವೂ ಬೇರೆ ಬೇರೆ ಬರುತ್ತದೆ, ಗಾಬರಿಯಾಗಬೇಡಿ, ಅದು ಹಾಗೇ ಇರಬೇಕು. ನಡುವೆ ಯಾರಾದರೂ ಒಂದು ಅಕ್ಷರ ತಿದ್ದಿದರೂ ಡಿಕ್ರಿಪ್ಟ್ ಆಗದೆ ಎರರ್ ಬರುತ್ತದೆ. ನಿಮ್ಮ ಸೀಸರ್ ಆಗಿದ್ದರೆ ತಿದ್ದಿದ್ದನ್ನೂ ನಂಬಿ ತೆರೆದು ತೋರಿಸುತ್ತಿತ್ತು.

ಕೀಯನ್ನು ಪ್ರೋಗ್ರಾಮ್ ಒಳಗೆ ಬರೆದಿಡಬೇಡಿ. ಮೆಸೇಜ್ ಹೋಗುವ ದಾರಿಯಲ್ಲೇ ಕೀಯನ್ನೂ ಕಳಿಸಬೇಡಿ, ಅದು ಬೀಗದ ಕೈಯನ್ನು ಬಾಗಿಲಿಗೇ ಕಟ್ಟಿಟ್ಟ ಹಾಗೆ. ಊರಿಗೆ ಹೋದಾಗ ಅಣ್ಣನಿಗೆ ಕೈಯಲ್ಲೇ ಕೊಟ್ಟುಬನ್ನಿ. ಕೀ ಕಳೆದುಹೋದರೆ ಮೆಸೇಜೂ ಹೋದಂತೆಯೇ. ನನ್ನ ಹಳೆಯ ಟಿಪ್ಪಣಿಗಳ ಒಂದು ಫೈಲ್ ಹೀಗೇ ಇದೆ. ಕೀ ಇದ್ದ ಲ್ಯಾಪ್‌ಟಾಪ್ ಕೆಟ್ಟುಹೋಯಿತು, ಫೈಲ್ ಮಾತ್ರ ಉಳಿದಿದೆ.

ಇನ್ನು ಬ್ಯಾಂಕ್ ಪಾಸ್‌ವರ್ಡ್. ಅದನ್ನು ಯಾವ ಪ್ರೋಗ್ರಾಮ್‌ನಲ್ಲೂ, ಯಾರಿಗೂ ಕಳಿಸಬೇಡಿ, ಅಣ್ಣನಿಗೂ ಬೇಡ. ಬೇರೆ ಮನೆ ಮಾತುಗಳಿಗೆ ವಾಟ್ಸ್‌ಆ್ಯಪ್, ಸಿಗ್ನಲ್ ಸಾಕು, ಅವುಗಳಲ್ಲಿ ಕಳಿಸುವವರ ಫೋನಿನಿಂದ ಓದುವವರ ಫೋನಿನವರೆಗೆ ಎನ್‌ಕ್ರಿಪ್ಷನ್ ಈಗಾಗಲೇ ಇದೆ.

ಪ್ರಶ್ನೆ: ಬೇಸ್64 ಮಾಡಿದರೇ ಯಾರಿಗೂ ಓದಲು ಬರುವುದಿಲ್ಲವಲ್ಲ, ಎನ್‌ಕ್ರಿಪ್ಟ್ ಬೇರೆ ಯಾಕೆ ಬೇಕು?

ಉತ್ತರ: ಬೇಸ್64ಕ್ಕೆ ಕೀ ಇಲ್ಲ. ಯಾರು ಬೇಕಾದರೂ ಒಂದೇ ಸಾಲಿನ ಕೋಡ್‌ನಲ್ಲಿ ಬಿಚ್ಚಬಹುದು. ಚಿಕ್ಕಂದಿನಲ್ಲಿ ಪ್ರತಿ ಅಕ್ಷರದ ಮುಂದೆ ‘ಕ’ ಸೇರಿಸಿ ಮಾತಾಡುತ್ತಿದ್ದೆವಲ್ಲ, ಹಾಗೆ. ದೊಡ್ಡವರಿಗೆ ಒಂದು ಕ್ಷಣ ತಬ್ಬಿಬ್ಬಾಗುತ್ತಿತ್ತು ಅಷ್ಟೇ.

ಪ್ರಶ್ನೆ: ಡಿಪ್ಲೊಮಾ ಓದುತ್ತಿದ್ದೇನೆ. ಸೀಸರ್ ಅನ್ನೇ ಸಿ ಭಾಷೆಯಲ್ಲಿ ಬರೆದೆ. ಡಿಕ್ರಿಪ್ಟ್ ಮಾಡುವಾಗ ‘ಎಕ್ಸ್’ ಬರಬೇಕಾದ ಕಡೆ ^ ಬರುತ್ತದೆ. ಗೆಳೆಯನ ಪೈಥಾನ್ ಪ್ರೋಗ್ರಾಮ್‌ನಲ್ಲಿ ಅದೇ ಸೂತ್ರ ಸರಿಯಾಗಿದೆ. ಎರಡು ಪದದ ಮೆಸೇಜ್ ಕೊಟ್ಟರೆ ಒಂದೇ ಪದ ಬರುತ್ತದೆ.

ಉತ್ತರ: ನಿಮ್ಮ ಸೂತ್ರ ತಪ್ಪಿಲ್ಲ, ಎರಡು ಭಾಷೆಗಳ ಶೇಷದ ಲೆಕ್ಕ ಬೇರೆ. ‘ಎ’ ಅಂದರೆ 0, ಅದರಲ್ಲಿ 3 ಕಳೆದರೆ ಮೈನಸ್ 3. ಇದನ್ನು 26ರಿಂದ ಭಾಗಿಸಿ ಶೇಷ ಕೇಳಿದರೆ ಪೈಥಾನ್ 23 ಅನ್ನುತ್ತದೆ, ಸಿ ಮೈನಸ್ 3 ಎಂದೇ ಅನ್ನುತ್ತದೆ. ಮೈನಸ್ 3ಕ್ಕೆ 97 ಸೇರಿದರೆ 94, ಅದೇ ನಿಮಗೆ ಕಾಣುತ್ತಿರುವ ^. ಜಾವಾದಲ್ಲೂ ಇದೇ ಕಥೆ. ಕಳೆದ ಮೇಲೆ 26 ಸೇರಿಸಿ ಆಮೇಲೆ ಶೇಷ ತೆಗೆಯಿರಿ, ಸರಿಹೋಗುತ್ತದೆ. ದೊಡ್ಡಕ್ಷರಗಳಿಗೆ 97ರ ಬದಲು 65.

ಎರಡನೇ ಪದ ಕಾಣೆಯಾಗುತ್ತಿರುವುದಕ್ಕೆ ಎನ್‌ಕ್ರಿಪ್ಷನ್ ಕಾರಣವೇ ಅಲ್ಲ. ಟೈಪ್ ಮಾಡಿದ್ದನ್ನು ಓದುವ ಸ್ಕ್ಯಾನ್‌ಎಫ್‌ಗೆ ಪರ್ಸೆಂಟ್ ಎಸ್ ಕೊಟ್ಟರೆ ಖಾಲಿ ಜಾಗ ಸಿಕ್ಕಿದ ಕೂಡಲೇ ಓದುವುದನ್ನು ನಿಲ್ಲಿಸುತ್ತದೆ. ಬದಲಿಗೆ ಇಡೀ ಸಾಲು ಓದುವ ಎಫ್‌ಗೆಟ್ಸ್ ಬಳಸಿ. ಹಳೆಯ ಲ್ಯಾಬ್ ಪುಸ್ತಕಗಳಲ್ಲಿ ಇರುವ ಗೆಟ್ಸ್ ಮಾತ್ರ ಬೇಡವೇ ಬೇಡ, ಎಷ್ಟು ಅಕ್ಷರ ಬಂದರೂ ಮಿತಿಯಿಲ್ಲದೆ ತುಂಬುತ್ತದೆ ಅಂತ 2011ರ ಸಿ ಮಾನದಂಡದಿಂದಲೇ ಅದನ್ನು ತೆಗೆದುಹಾಕಿದ್ದಾರೆ. ಎಫ್‌ಗೆಟ್ಸ್ ಸಾಲಿನ ಕೊನೆಯ ಎಂಟರನ್ನೂ ಸೇರಿಸಿಕೊಳ್ಳುತ್ತದೆ, ಎನ್‌ಕ್ರಿಪ್ಟ್ ಮಾಡುವ ಮುಂಚೆ ಅದನ್ನು ತೆಗೆಯಿರಿ.