ಯಾರೂ ನೋಡದ ವೋಚರ್

ಗದಗ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: "ನಾನು ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ದಿನದ ವೋಚರ್‌ಗಳನ್ನೆಲ್ಲ ಕ್ಯಾಶ್ ಬುಕ್ಕಿನ ಜೊತೆ ತಾಳೆ ನೋಡಿಯೇ ಮನೆಗೆ ಹೋಗುತ್ತೇನೆ. ಜೊತೆಯವರು ತಿಂಗಳ ಕೊನೆಗೆ ಹೇಗೋ ಹೊಂದಿಸಿಬಿಡುತ್ತಾರೆ. ಸಂಬಳ ಮಾತ್ರ ಎಲ್ಲರಿಗೂ ಒಂದೇ. ಸಣ್ಣ ಕೆಲಸಗಳಿಂದಲೇ ಮನುಷ್ಯನ ಗುಣ ಗಟ್ಟಿಯಾಗುತ್ತದೆ, ಗೆಲುವು ಬರುತ್ತದೆ ಅಂತಾರೆ. ನಿಜವಾ? ಇಲ್ಲ, ನಾನು ಸುಮ್ನೆ ದಣಿಯುತ್ತಿದ್ದೇನಾ?"

ಸಂಪಾದಕರ ಉತ್ತರ:

ಸುಮ್ನೆ ದಣಿಯುತ್ತಿಲ್ಲ. ನಿಮ್ಮ ಕೌಂಟರಿಗೆ ಬರುವ ರೈತರನ್ನೇ ನೋಡಿ. ಶೂನ್ಯ ಬಡ್ಡಿಯ ಬೆಳೆಸಾಲ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಕೊನೆಯ ದಿನ ದುಡ್ಡು ತಂದು ಕಟ್ಟಿದವರ ವೋಚರ್ ಮೇಜಿನ ಮೇಲೇ ಉಳಿದು, ಖಾತೆಯಲ್ಲಿ ಬೇರೆ ತಾರೀಖು ಬಿದ್ದರೆ ಅವರು ಸುಸ್ತಿದಾರರಾಗುತ್ತಾರೆ. ತಪ್ಪು ಯಾರದೋ, ಬಡ್ಡಿ ಅವರ ತಲೆಗೆ. 1905ರಲ್ಲಿ ನಿಮ್ಮದೇ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಲೂ ಜನ ನಂಬಿ ದುಡ್ಡು ಇಟ್ಟಿದ್ದು ಲೆಕ್ಕ ಸರಿಯಿರುತ್ತದೆ ಅಂತಲೇ ಅಲ್ವಾ?

ಇನ್ನು ಗೆಲುವಿನ ಮಾತು. ನಮ್ಮ ಕಚೇರಿಯಲ್ಲಿ ಒಂದು ಪದದ ಬಗ್ಗೆ ವಾದ ಎದ್ದರೆ ಇವತ್ತಿಗೂ ಕಿಟೆಲ್ ನಿಘಂಟು ತೆರೆಯುತ್ತೇವೆ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಜರ್ಮನಿಯಿಂದ ಬಂದವರು. ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದಿದ್ದು 1894ರಲ್ಲಿ. ಸುಮಾರು 70,000 ಪದಗಳು. ಪದಕ್ಕೊಂದು ಅರ್ಥ ಬರೆದು ಮುಂದೆ ಹೋಗಿದ್ದರೂ ಆಗ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಪದ ಎಲ್ಲಿ ಸಿಕ್ಕಿತು, ಯಾವ ಕಾವ್ಯದ್ದು, ಯಾವ ಸೀಮೆಯ ಆಡುಮಾತು ಎಂದು ಅವರು ಗುರುತು ಹಾಕುತ್ತಾ ಹೋದರು. ಗಾದೆಗಳನ್ನು ಕೇಳಿ ಸೇರಿಸಿದರು. ಎಷ್ಟು ಸಂಜೆ ಅವರಿಗೂ "ಇದೊಂದನ್ನು ಬಿಟ್ಟುಬಿಡೋಣ" ಅನ್ನಿಸಿರಬೇಕು! ಮುಕ್ಕಾಲು ಶತಮಾನ ಕಳೆದ ಮೇಲೆ ಎಂ. ಮರಿಯಪ್ಪ ಭಟ್ಟರು ಮದ್ರಾಸ್ ವಿಶ್ವವಿದ್ಯಾಲಯಕ್ಕಾಗಿ ಈ ನಿಘಂಟನ್ನೇ ಪರಿಷ್ಕರಿಸಿ ಬೆಳೆಸಿದರು. ನನ್ನ ಮಟ್ಟಿಗೆ ಬಾಳುವ ಗೆಲುವು ಅಂದರೆ ಇದು. ನಾವು ಮಾಡಿಟ್ಟಿದ್ದನ್ನು ಇನ್ನೊಬ್ಬರು ನಂಬಿ, ಅಲ್ಲಿಂದ ಮುಂದಕ್ಕೆ ಹೋಗಬಹುದು.

ಗುಣದ ವಿಷಯಕ್ಕೆ ಬಂದರೆ, ಅದು ಗೊತ್ತಾಗುವುದು ಒತ್ತಡ ಬಿದ್ದ ದಿನ. ನಾಳೆ ಯಾರೋ ದೊಡ್ಡವರು ಬಂದು "ಇದಕ್ಕೆ ಹಿಂದಿನ ವಾರದ ತಾರೀಖು ಹಾಕಿ" ಅನ್ನಬಹುದು. ದಿನವೂ ತಾಳೆ ನೋಡಿದ ಕೈ ಅಲ್ಲಿ ಸುಲಭವಾಗಿ ಓಡುವುದಿಲ್ಲ. ದಿನವೂ ಹೇಗೋ ಹೊಂದಿಸಿದ ಕೈಗೆ ಅದು ಇನ್ನೊಂದು ಹೊಂದಾಣಿಕೆ, ಅಷ್ಟೆ.

ಆದರೂ ನಿಮ್ಮ ದಣಿವು ಸುಳ್ಳಲ್ಲ. ಕಿಟೆಲ್ಲರಿಗೆ ಮಿಷನ್ನಿನ ಬೆಂಬಲವಿತ್ತು, ಇಲ್ಲಿಯ ಪಂಡಿತರ ನೆರವಿತ್ತು. ನೀವು ಒಬ್ಬರೇ ಎಳೆಯುತ್ತಿದ್ದೀರಿ ಅನ್ನಿಸುತ್ತದೆ. ಜೊತೆಯವರ ಬಾಕಿ ವೋಚರ್‌ಗಳನ್ನು ನೀವೇ ತೀರಿಸಿಕೊಡಬೇಡಿ. ಬೇಕಾದರೆ ಹೇಗೆ ಮಾಡುವುದೆಂದು ಒಂದು ಸಂಜೆ ಕೂತು ತೋರಿಸಿ. ಇನ್ನು ಸಂಬಳ. ಒಳ್ಳೆಯ ಕೆಲಸ ಮಾಡಿದ ಮಾತ್ರಕ್ಕೆ ಅದು ಏರುವುದಿಲ್ಲ, ಕೇಳಬೇಕು. ನಿಮ್ಮ ಪುಸ್ತಕಗಳಿಗೆ ಆಡಿಟ್‌ನಲ್ಲಿ ಆಕ್ಷೇಪಣೆ ಬಂದಿಲ್ಲವಾದರೆ ಅದನ್ನೇ ಅರ್ಜಿಯಲ್ಲಿ ಬರೆಯಿರಿ. ಬರುವ ಆಡಳಿತ ಮಂಡಳಿ ಸಭೆಗೆ ಮುಂಚೆಯೇ ಅದು ಕಾರ್ಯದರ್ಶಿಗಳ ಕೈ ಸೇರಲಿ.