ಓದುಗರ ಪ್ರಶ್ನೆ: ಶೋರೂಮಿನವರು ಟೈರ್ ತಿರುಗುಮುರುಗು ಹಾಕಿದ್ದಾರೆ, ಈಗೇನು ಮಾಡಲಿ?

ಪ್ರಶ್ನೆ: ಕಾರು ಕೊಂಡ ಡೀಲರ್ ಹತ್ತಿರವೇ ನಾಲ್ಕೂ ಟೈರ್ ಬದಲಿಸಿದೆ. ಬಿಲ್ಲಿನಲ್ಲಿ 185/65 ಆರ್15 88ಎಚ್, ನಾಲ್ಕು ಎಂದಿದೆ. ನೈಸ್ ರಸ್ತೆಯಲ್ಲಿ 80 ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ಪಂಕ್ಚರ್ ಅಂಗಡಿಯವರು ನೋಡಿ, ಎಡಗಡೆಯ ಎರಡೂ ಟೈರ್‌ಗಳಲ್ಲಿ ‘ಔಟ್‌ಸೈಡ್’ ಎಂಬ ಬರಹ ಒಳಗಡೆಗೆ ಹೋಗಿದೆ, ಬಲ ಹಿಂದಿನ ಟೈರಿನ ಮೇಲೆ 88ಟಿ ಎಂದಿದೆ ಅಂದರು. ಡೀಲರ್ ಕೇಳಿದರೆ ‘600 ಕಿ.ಮೀ. ಓಡಿಸಿಬಿಟ್ಟಿದ್ದೀರಿ, ವಾಪಸ್ ತಗೊಳ್ಳೋಕಾಗಲ್ಲ, ಟೈರ್ ಕಂಪನಿಗೆ ಬರೆಯಿರಿ’ ಎನ್ನುತ್ತಾರೆ. ಪಂಕ್ಚರ್ ಅಂಗಡಿಯಲ್ಲೇ ತಿರುಗಿಸಿ ಹಾಕಿಸಿಬಿಡಲೇ?
— ಒಬ್ಬ ಓದುಗರು, ರಾಜಾಜಿನಗರ

ಉತ್ತರ: ಬೇಡ, ಸದ್ಯ ಮುಟ್ಟಲೇಬೇಡಿ. ರಿಮ್ಮಿನಿಂದ ಟೈರ್ ಬಿಚ್ಚಿದ ಗಳಿಗೆಗೇ ನಿಮ್ಮ ಸಾಕ್ಷಿ ಮುಗಿಯಿತು. ‘ನಾವು ಸರಿಯಾಗೇ ಹಾಕಿದ್ವಿ, ಹೊರಗಿನವರು ತಿರುಗಿಸಿದ್ದಾರೆ’ ಎಂದು ಡೀಲರ್ ಹೇಳಿದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ. ಇಂಥ ಜಗಳಗಳು ಹೆಚ್ಚಾಗಿ ಕೆಡುವುದು ಇಲ್ಲೇ. ಡೀಲರ್ ಸರಿಮಾಡಿಕೊಡುವವರೆಗೆ ಕಾರನ್ನು ನಿಧಾನವಾಗಿ ಓಡಿಸಿ, ಮಳೆಯಲ್ಲಿ ಜೋರು ಬೇಡ.

ನಿಮ್ಮ ಪತ್ರದಲ್ಲಿ ಮೂರು ತಪ್ಪುಗಳು ಒಂದರೊಳಗೊಂದು ಸೇರಿಕೊಂಡಿವೆ. ಮೂರಕ್ಕೂ ಪರಿಹಾರ ಬೇರೆ ಬೇರೆ. ಬಿಡಿಸಿಕೊಳ್ಳದೆ ‘ನಾಲ್ಕೂ ಹೊಸ ಟೈರ್ ಕೊಡಿ’ ಎಂದು ಕೂತರೆ ವಾದ ಸೋಲುತ್ತೀರಿ.

ಮೊದಲನೆಯದು ಔಟ್‌ಸೈಡ್. ಇದು ಬಾಣದ ಗುರುತಿನ, ಒಂದೇ ದಿಕ್ಕಿಗೆ ಉರುಳಬೇಕಾದ ಟೈರ್ ಅಲ್ಲ. ಎಡಕ್ಕೂ ಬಲಕ್ಕೂ ಹಾಕಬಹುದು, ಬರಹ ಮಾತ್ರ ಹೊರಗೆ ಕಾಣಬೇಕು. ಹೊರ ಅಂಚಿನ ರಬ್ಬರ್ ದಿಮ್ಮಿಗಳು ದೊಡ್ಡವು, ಗಟ್ಟಿ. ತಿರುವಿನಲ್ಲಿ ಭಾರ ತಡೆಯುವುದು ಅವೇ. ನೀರು ತಳ್ಳುವ ಅಗಲ ತೋಡುಗಳು (ಗ್ರೂವ್) ಸಾಮಾನ್ಯವಾಗಿ ಒಳಬದಿಗಿರುತ್ತವೆ. ಎಡಗಡೆ ಮಾತ್ರ ಉಲ್ಟಾ ಆದರೆ ಒದ್ದೆ ರಸ್ತೆಯಲ್ಲಿ ಎರಡು ಬದಿಯ ಹಿಡಿತ ಒಂದೇ ಸಮ ಇರುವುದಿಲ್ಲ. ಕೆಲಸದವರು ಬಾಣ ಹುಡುಕುತ್ತಾರೆ, ಅದು ಕಾಣದಿದ್ದರೆ ಯಾವ ಕಡೆಯಾದರೂ ನಡೆಯುತ್ತದೆ ಎಂದುಕೊಳ್ಳುತ್ತಾರೆ. ಅಚಾತುರ್ಯವೇ ಸರಿ, ಆದರೆ ಅದಕ್ಕೆ ಹೊಸ ಟೈರ್ ಬೇಕಿಲ್ಲ. ಬಿಚ್ಚಿ, ತಿರುಗಿಸಿ, ಮತ್ತೆ ಬ್ಯಾಲೆನ್ಸ್ ಮಾಡಿದರಾಯಿತು. ಎರಡು ಚಕ್ರಕ್ಕೆ ಒಂದು ಗಂಟೆ ಸಾಕು. ಪುಕ್ಕಟೆ ಮಾಡಿಕೊಡಬೇಕು, ಅಷ್ಟೇ.

ಎರಡನೆಯದು 88ಟಿ. 88 ಎಂದರೆ ಒಂದು ಟೈರ್ ಹೊರಬಲ್ಲ ಭಾರ, 560 ಕೆ.ಜಿ.; ನಾಲ್ಕಕ್ಕೂ ಅದು ಸಮ. ಅಕ್ಷರ ಟೈರ್ ತಡೆಯುವ ಗರಿಷ್ಠ ವೇಗ: ಎಚ್ ಎಂದರೆ ಗಂಟೆಗೆ 210 ಕಿ.ಮೀ., ಟಿ ಎಂದರೆ 190. ‘ನೀವೇನು 190ರಲ್ಲಿ ಓಡಿಸ್ತೀರಾ ಸಾರ್?’ ಎಂದು ನಗುತ್ತಾರೆ. ನೀವು ನಗಬೇಡಿ. ಪ್ರಶ್ನೆ ವೇಗದ್ದಲ್ಲ, ಬಿಲ್ಲಿನದು. ನಾಲ್ಕು 88ಎಚ್‌ಗೆ ದುಡ್ಡು ಪಡೆದು ಮೂರು ಕೊಟ್ಟಿದ್ದಾರೆ. ಇದು ಕೂರಿಸಿದ ತಪ್ಪಲ್ಲ, ತಪ್ಪು ಸರಕು ಕೊಟ್ಟದ್ದು. ಈ ಒಂದು ಟೈರನ್ನು ಬದಲಿಸಿಯೇ ಕೊಡಬೇಕು. ಬ್ರ್ಯಾಂಡು, ಪ್ಯಾಟರ್ನ್ ಎರಡೂ ಉಳಿದ ಮೂರಕ್ಕೆ ಹೊಂದಬೇಕು.

ಮೂರನೆಯದು ನಡುಕ. ಟೈರ್ ಉಲ್ಟಾ ಆಗಿದ್ದಕ್ಕೇ ಸ್ಟೀರಿಂಗ್ ನಡುಗುತ್ತಿದೆ ಎಂದು ಬರೆಯಬೇಡಿ. ಅದರಿಂದ ನಡುಕ ಬರುವುದಿಲ್ಲ. ಸ್ಟೀರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು ಎಂಬುದು ಹಳೆಯ ಲೆಕ್ಕ. ಕಾರಣ ಹೆಚ್ಚಾಗಿ ಬ್ಯಾಲೆನ್ಸಿಂಗ್, ಇಲ್ಲವೇ ಬೀಡ್ (ರಿಮ್ಮಿಗೆ ಕಚ್ಚಿ ಕೂರುವ ಟೈರಿನ ಅಂಚು) ಸರಿಯಾಗಿ ಕೂರದಿರುವುದು. ಬೀಡ್ ಅನ್ನು ನೀವೇ ನೋಡಬಹುದು. ರಿಮ್ಮಿನ ಅಂಚಿಗೆ ಹತ್ತಿರದಲ್ಲಿ, ಟೈರಿನ ಪಕ್ಕದ ಗೋಡೆಯ ಮೇಲೆ ಸುತ್ತಲೂ ಒಂದು ತೆಳುವಾದ ಉಬ್ಬುಗೆರೆ ಇರುತ್ತದೆ. ಆ ಗೆರೆಗೂ ರಿಮ್ಮಿಗೂ ನಡುವಿನ ಅಂತರ ಸುತ್ತ ಒಂದೇ ಸಮ ಇರಬೇಕು. ಒಂದು ಕಡೆ ಗೆರೆ ರಿಮ್ಮಿನೊಳಗೆ ಮುಳುಗಿದಂತೆ ಕಂಡರೆ ಅಲ್ಲಿ ಬೀಡ್ ಕೂತಿಲ್ಲ. ಬ್ಯಾಲೆನ್ಸಿಂಗಿಗೆಂದು ಎಷ್ಟು ಸೀಸದ ತೂಕ ಅಂಟಿಸಿದರೂ ಆ ನಡುಕ ಹೋಗದು. ಗಾಳಿ ಬಿಟ್ಟು, ಬೀಡಿಗೆ ಪೇಸ್ಟ್ ಸವರಿ, ಮತ್ತೆ ಗಾಳಿ ತುಂಬಿ ಕೂರಿಸಬೇಕು. ಅಲಾಯ್ ಚಕ್ರವಾದರೆ ಒಳಬದಿಗೆ ಅಂಟಿಸಿದ ತೂಕ ಉದುರಿದೆಯೇ ಎಂದೂ ನೋಡಿ. ಮಣ್ಣು ಒರೆಸದೆ ಅಂಟಿಸಿದ್ದರೆ ನಾಲ್ಕು ದಿನವೂ ನಿಲ್ಲುವುದಿಲ್ಲ.

ಇನ್ನು ಫೋಟೊ. ಹಗಲು ಬೆಳಕಿನಲ್ಲಿ ಕಾರಿನ ನಂಬರ್ ಪ್ಲೇಟು ಮತ್ತು ಚಕ್ರ ಒಂದೇ ಚಿತ್ರದಲ್ಲಿ ಬರಲಿ, ಆಮೇಲೆ ಬರಹ ಹತ್ತಿರದಿಂದ. ಎಡಗಡೆಯ ಎರಡಕ್ಕೆ ‘ಔಟ್‌ಸೈಡ್’ ಒಳಬದಿಗಿರುವುದರಿಂದ ಕಾರು ಲಿಫ್ಟ್ ಮೇಲೆ ಏರಬೇಕು. ಪಂಕ್ಚರ್ ಅಂಗಡಿಯಲ್ಲಿ ಎತ್ತಿಸಿ, ಚಕ್ರ ಕಳಚದೆ, ನಂಬರ್ ಪ್ಲೇಟಿನಿಂದ ಶುರುಮಾಡಿ ಒಂದೇ ಓಟದ ವಿಡಿಯೊ ತೆಗೆಯಿರಿ. ಟೈರಿನ ಪಕ್ಕದಲ್ಲಿ ‘DOT’ ಎಂದು ಶುರುವಾಗುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು (ತಯಾರಾದ ವಾರ ಮತ್ತು ವರ್ಷ) ಟೈರಿನ ಒಂದೇ ಬದಿಯಲ್ಲಿ ಇರುವುದುಂಟು, ಅದನ್ನೂ ಸೇರಿಸಿ. ಮೀಟರ್ ರೀಡಿಂಗಿನದೊಂದು ಚಿತ್ರ.

600 ಕಿ.ಮೀ. ಮಾತಿಗೆ ಉತ್ತರ ಲೆಕ್ಕದಲ್ಲೇ ಇದೆ. ಹೊಸ ಟೈರಿನ ತೋಡು ಸುಮಾರು 8 ಮಿ.ಮೀ. ಆಳ, ಸವೆತದ ಗುರುತು 1.6 ಮಿ.ಮೀ.ಗೆ. ಬಳಕೆಗೆ ಸಿಗುವುದು 6.4. ಟೈರ್ 40,000 ಕಿ.ಮೀ. ಬರುತ್ತದೆ ಎಂದಿಟ್ಟುಕೊಂಡರೆ 600ಕ್ಕೆ ಸವೆಯುವುದು 0.1 ಮಿ.ಮೀ.ಗಿಂತ ಕಡಿಮೆ. ಡೆಪ್ತ್ ಗೇಜ್ ಹಿಡಿದು ಅಳೆಯಿರಿ ಎನ್ನಿ.

‘ಟೈರ್ ಕಂಪನಿಗೆ ಬರೆಯಿರಿ’ ಎಂಬುದಂತೂ ಸಾಗಹಾಕುವ ಮಾತು. ಟೈರ್ ಕಂಪನಿ ನೋಡುವುದು ತಯಾರಿಕೆಯ ದೋಷ. ಉಲ್ಟಾ ಕೂರಿಸಿದ್ದಕ್ಕೆ ‘ಫಿಟ್‌ಮೆಂಟ್ ದೋಷ’ ಎಂದು ಬರೆದು ಫೈಲ್ ಮುಚ್ಚುತ್ತಾರೆ. ಬಿಲ್ ಕೊಟ್ಟವರು ಡೀಲರ್, ಕೂರಿಸಿದವರೂ ಅವರೇ.

ಕಾರು ಒಯ್ದಾಗ ಬಾಯಿಮಾತು ಬೇಡ, ಜಾಬ್ ಕಾರ್ಡ್ ತೆರೆಸಿ. ಸರ್ವಿಸ್ ಅಡ್ವೈಸರ್ ಅದರಲ್ಲಿ ‘ವೈಬ್ರೇಷನ್ ಚೆಕ್’ ಎಂದಷ್ಟೇ ಬರೆಯುತ್ತಾರೆ. ನೀವು ಬರೆಸಬೇಕಾದ್ದು: ‘ಎಡಗಡೆ ಎರಡು ಟೈರ್ ಔಟ್‌ಸೈಡ್ ಒಳಮುಖವಾಗಿ ಫಿಟ್ ಆಗಿದೆ. ಬಲ ಹಿಂದೆ 88ಎಚ್ ಬದಲು 88ಟಿ ಇದೆ. 80ರ ಮೇಲೆ ಸ್ಟೀರಿಂಗ್ ನಡುಕ.’ ಬಿಚ್ಚುವಾಗ ನೀವು ಪಕ್ಕದಲ್ಲಿರಿ. ಕೆಲಸದ ನಂತರ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಪ್ರಿಂಟ್ ಪಡೆದು, ಓಡಿಸಿ ನೋಡಿ, ಆಮೇಲೆ ಸಹಿ. ತೃಪ್ತಿ ಪತ್ರಕ್ಕೆ ಗೇಟ್‌ಪಾಸ್ ಜೊತೆ ಸಹಿ ಹಾಕಿಸಿಕೊಳ್ಳುವ ಅಭ್ಯಾಸವಿದ್ದರೆ ‘ಆಕ್ಷೇಪವಿದೆ’ ಎಂದು ಬರೆದೇ ಸಹಿ ಮಾಡಿ.

ಒಪ್ಪದಿದ್ದರೆ ವರ್ಕ್ಸ್ ಮ್ಯಾನೇಜರಿಗೆ ಇಮೇಲ್, ಅದರದೊಂದು ನಕಲು ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೆ. ಒಂದು ವಾರ ನೋಡಿ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಬಹುತೇಕ ಡೀಲರುಗಳು ಈ ಹಂತದಲ್ಲೇ ಮೆತ್ತಗಾಗುತ್ತಾರೆ. ಆಗಲಿಲ್ಲವೆಂದರೆ ಬಿಲ್ಲಿನಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ 15 ದಿನದ ನೋಟಿಸ್, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಗಡುವು 2 ವರ್ಷ. 2019ರ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಬಿಲ್ಲಿನ ಕೆಳಗೆ ‘ಮಾರಿದ ಮಾಲು ವಾಪಸಿಲ್ಲ’ ಎಂದಿದ್ದರೂ ಹೆದರಬೇಡಿ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ, ದೋಷದ ಸರಕನ್ನು 30 ದಿನದೊಳಗೆ ವಾಪಸ್ ಪಡೆಯಲು ನಿರಾಕರಿಸುವುದು ಅದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ. ಪರಿಹಾರ ಕೇಳುವಾಗ ಆಟೊ ಖರ್ಚು, ಮರುಬ್ಯಾಲೆನ್ಸಿಂಗಿನ ಬಿಲ್ಲು, ಇಷ್ಟಕ್ಕೆ ನಿಲ್ಲಿ. ಒಂದು ಟೈರಿಗೆ ಲಕ್ಷ ಕೇಳಿದರೆ ನಿಮ್ಮ ಮಾತಿನ ತೂಕವೇ ಇಳಿಯುತ್ತದೆ.

ಪ್ರಶ್ನೆ: ಹೊಸ ಕಾರಿನ ಡೆಲಿವರಿ ಆಯಿತು. ಮೂರು ಟೈರ್ ಮೇಲೆ 0825, ಒಂದರ ಮೇಲೆ 3124 ಇದೆ. ಹಳೆಯ ಟೈರ್ ಹಾಕಿ ಮೋಸ ಮಾಡಿದ್ದಾರೆಯೇ? ಗುಂಡಿಗೆ ಬಿದ್ದರೆ ಕಾರು ಕಲ್ಲಿನ ಹಾಗೆ ಕುಟ್ಟುತ್ತದೆ.
— ಯಲಹಂಕದ ಓದುಗರು

ಉತ್ತರ: 3124 ಎಂದರೆ 2024ರ 31ನೇ ವಾರ, 0825 ಎಂದರೆ 2025ರ 8ನೇ ವಾರ. ಆರೇಳು ತಿಂಗಳ ಅಂತರದಲ್ಲಿ ಮೋಸ ಕಾಣುವುದಿಲ್ಲ. ಬೇರೆ ಬೇರೆ ಲಾಟಿನ ಟೈರುಗಳು ಒಂದೇ ಕಾರಿಗೆ ಬರುವುದುಂಟು. ಅನುಮಾನ ಹುಟ್ಟಬೇಕಾದ್ದು ಉಲ್ಟಾ ಲೆಕ್ಕದಲ್ಲಿ. ಆರ್‌ಸಿಯಲ್ಲಿ ಕಾರು ತಯಾರಾದ ತಿಂಗಳು ನೋಡಿ. ಟೈರಿನ ವಾರ ಅದಕ್ಕಿಂತ ಮುಂದಿನದಾಗಿದ್ದರೆ, ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಯಾರೋ ಟೈರ್ ಬದಲಿಸಿದ್ದಾರೆ ಎಂದರ್ಥ. ಆಗ ಲಿಖಿತ ವಿವರಣೆ ಕೇಳಿ.

ಕುಟ್ಟುವುದಕ್ಕೆ ಗಾಳಿ ಕಾರಣವಿರಬಹುದು. ಸಾಗಣೆಗೆಂದು ಹೆಚ್ಚು ಗಾಳಿ ತುಂಬಿರುತ್ತಾರೆ, ಡೆಲಿವರಿಗೆ ಮುಂಚಿನ ತಪಾಸಣೆಯಲ್ಲಿ ಇಳಿಸಬೇಕು. ಮರೆತಿರುತ್ತಾರೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಎಷ್ಟು ಗಾಳಿ ಬೇಕೆಂಬ ಚೀಟಿ ಅಂಟಿಸಿರುತ್ತಾರೆ. ಬೆಳಗ್ಗೆ ಕಾರು ತಣ್ಣಗಿರುವಾಗ ಅಷ್ಟಕ್ಕೆ ಹಿಡಿಸಿ. ಟೈರಿನ ಪಕ್ಕದಲ್ಲಿ ಬರೆದಿರುವ ‘ಮ್ಯಾಕ್ಸ್’ ಒತ್ತಡ ಗರಿಷ್ಠ ಮಿತಿ, ನೀವು ತುಂಬಬೇಕಾದ್ದಲ್ಲ.

ಪ್ರಶ್ನೆ: ಡೀಲರ್ ಟೈರ್ ಹಾಕಿದ ತಿಂಗಳ ಮೇಲೆ ಪಂಕ್ಚರ್ ಆಯಿತು. ನಟ್ ಬಿಚ್ಚಲು ಹೋದರೆ ಸ್ಟಡ್ (ನಟ್ ಕೂರುವ ಬೋಲ್ಟ್) ಮುರಿಯಿತು. ಖರ್ಚು ಯಾರದು?
— ಜಯನಗರದ ಓದುಗರು

ಉತ್ತರ: ಗಾಳಿಗನ್ನಿನಿಂದ ಕೊನೆವರೆಗೂ ಬಿಗಿದರೆ ಹೀಗಾಗುತ್ತದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 80ರಿಂದ 120 ನ್ಯೂಟನ್ ಮೀಟರ್ ಸಾಕು, ನಿಖರ ಅಂಕಿ ಮಾಲೀಕರ ಕೈಪಿಡಿಯಲ್ಲಿದೆ. ಗನ್ ಬರೀ ಓಡಿಸುವುದಕ್ಕೆ. ಕಡೆಯ ಬಿಗಿ ಟಾರ್ಕ್ ವ್ರೆಂಚಿನಿಂದ, ಅದೂ ನಕ್ಷತ್ರದ ಕ್ರಮದಲ್ಲಿ, ಅಂದರೆ ಒಂದಾದ ಮೇಲೆ ಅದರ ಎದುರಿನದು. ನಡುವೆ ಬೇರೆಲ್ಲೂ ಚಕ್ರ ಬಿಚ್ಚಿರದಿದ್ದರೆ ಡೀಲರ್ ಕೊಡಬೇಕು. ಬಿಚ್ಚಿದ್ದರೆ ಸಾಬೀತುಪಡಿಸುವುದು ಕಷ್ಟ, ಒಂದು ಸ್ಟಡ್ಡಿಗಾಗಿ ಅಲೆಯಬೇಡಿ, ಹೊಸದು ಹಾಕಿಸಿ. ಮುರಿದ ತುಂಡು ಮಾತ್ರ ಬಿಸಾಡಬೇಡಿ, ಉಳಿದ ನಟ್ಟುಗಳೂ ಅಷ್ಟೇ ಬಿಗಿಯಾಗಿದ್ದರೆ ಡೀಲರ್ ಮುಂದೆ ಒಂದನ್ನು ಕೈ ಸ್ಪ್ಯಾನರಿನಲ್ಲಿ ಬಿಚ್ಚಲು ಹೇಳಿ ನೋಡಿ.