ಪ್ರತಿಕ್ರಿಯೆ: ಸಾಕ್ಷ್ಯಚಿತ್ರದಿಂದ ಕಾನೂನು ಬದಲಾದೀತೇ?

ಬಾಲ್ಯವಿವಾಹದ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರೆ ಏನಾದರೂ ಬದಲಾದೀತೇ ಎಂದು ಕೇಳಿದ್ದೀರಿ. ಬದಲಾದದ್ದುಂಟು. ಪಾಕಿಸ್ತಾನದ ಶರ್ಮೀನ್ ಒಬೈದ್ ಚಿನಾಯ್ ಅವರ ‘ಎ ಗರ್ಲ್ ಇನ್ ದ ರಿವರ್’ ನೋಡಿ. ಮೆಚ್ಚಿದವನನ್ನು ಮದುವೆಯಾದ ಮಗಳಿಗೆ ತಂದೆಯೇ ಗುಂಡು ಹೊಡೆದು, ಚೀಲದಲ್ಲಿ ತುಂಬಿ ನದಿಗೆ ಎಸೆಯುತ್ತಾನೆ. ಹೇಗೋ ಬದುಕಿ ಬಂದವಳು ಊರ ಹಿರಿಯರ ಒತ್ತಾಯಕ್ಕೆ ಮಣಿದು ಕ್ಷಮಿಸುತ್ತಾಳೆ. ಜೈಲಿನಿಂದ ಹೊರಬಂದ ಅಪ್ಪ, ತಾನು ಮಾಡಿದ್ದು ಸರಿ ಎಂದೇ ಕ್ಯಾಮೆರಾ ಮುಂದೆ ಹೇಳುತ್ತಾನೆ. ಕ್ಷಮೆ ಸಿಕ್ಕರೆ ಬಿಡುಗಡೆ ಎಂಬ ಅಲ್ಲಿನ ಕಾನೂನಿನ ಕಿಂಡಿಯನ್ನೇ ಚಿತ್ರ ಹಿಡಿದು ತೋರಿಸಿತು. 2016ರ ಫೆಬ್ರವರಿಯಲ್ಲಿ ಪ್ರಧಾನಿ ಕಚೇರಿಯಲ್ಲೇ ಪ್ರದರ್ಶನವಾಯಿತು; ಮರ್ಯಾದಾ ಹತ್ಯೆಯಲ್ಲಿ ಮನೆಯವರು ಕ್ಷಮಿಸಿದರೂ ಜೀವಾವಧಿ ಶಿಕ್ಷೆ ತಪ್ಪದೆಂಬ ತಿದ್ದುಪಡಿ ಅಕ್ಟೋಬರಿನಲ್ಲಿ ಬಂತು. (ನಡುವೆ ಜುಲೈನಲ್ಲಿ ಸಾಮಾಜಿಕ ಜಾಲತಾಣದ ತಾರೆ ಕಂದೀಲ್ ಬಲೂಚ್ ಸಹೋದರನಿಂದಲೇ ಕೊಲೆಯಾಗಿ ದೇಶವೇ ಕೆರಳಿತ್ತು, ಪೂರ್ತಿ ಶ್ರೇಯಸ್ಸು ಚಿತ್ರಕ್ಕೆ ಸಲ್ಲದು.) ನೀವೂ ಅಂಥದೊಂದು ಕಿಂಡಿ ಹುಡುಕಿ. ಚಿತ್ರೋತ್ಸವಕ್ಕಿಂತ ಮುಂಚೆ ತಹಶೀಲ್ದಾರರಿಗೆ ತೋರಿಸಿ. ಆದರೆ ಹುಡುಗಿಯರ ಮುಖ ತೋರಿಸಲೇಬೇಡಿ.